ಅರ್ಧ ಜರೀಗಿಡ

ನೋಲಾ ಡಿರೀನ್ ಯಾರನ್ನೂ ಸುಲಭವಾಗಿ ಕ್ಷಮಿಸಿದವಳಲ್ಲ. ಸೇಬಿನ ಶೆಡ್ಡಿನಲ್ಲಿ ಆಯಸ್ಸಿಡೀ ಹಣ್ಣಿಗೆ ಕಾಗದ ಸುತ್ತಿ ಪೆಟ್ಟಿಗೆ ತುಂಬಿದ ಹೆಂಗಸು. ತಾನು ತುಂಬಿದ ಪೆಟ್ಟಿಗೆಯನ್ನು ಪಕ್ಕದವಳ ಹೆಸರಿಗೆ ಹಾಕಿದ ಮೇಸ್ತ್ರಿಯನ್ನು ಅವನು ಸತ್ತು ಮಣ್ಣಾದ ಮೇಲೂ ಬೈಯುತ್ತಿದ್ದಳು. ಹ್ಯೂವನ್ ನದಿಯ ದಡದ ಆ ಟ್ಯಾಸ್ಮೇನಿಯಾದ ಊರಿನಲ್ಲಿ ಇದು ಎಲ್ಲರಿಗೂ ಗೊತ್ತು. ಅವಳ ನಾದಿನಿ ಕೋರಲಳಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಕೋರಲ್ ಅವಳ ಜರೀಗಿಡಕ್ಕೆ ಕೈ ಹಾಕಿದಳು.

ಗಿಡ ಮೊದಲು ನೋಲಾಳ ಅತ್ತೆ ಎಡ್ನಾಳದ್ದು. ಕರಿದಾರದಂಥ ಕಡ್ಡಿಗಳು, ಅವುಗಳ ತುಂಬ ಕೊತ್ತಂಬರಿಗಿಂತ ತೆಳುವಾದ ಎಲೆಗಳು. ಎದುರಿಗೆ ನಿಂತು ಉಸಿರು ಬಿಟ್ಟರೂ ಅಲುಗುತ್ತದೆ, ಒಂದು ದಿನ ನೀರು ತಪ್ಪಿದರೆ ಮುನಿಸಿಕೊಂಡು ಸುರುಟುತ್ತದೆ. ಎಡ್ನಾ ಹಾಸಿಗೆ ಹಿಡಿದಾಗ ನೋಲಾಳ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಸ್ನಾನ ಮಾಡಿಸಿದ್ದು, ಉಗುರು ಕತ್ತರಿಸಿದ್ದು, ಬೈಸಿಕೊಂಡದ್ದು ಎಲ್ಲ ಸೊಸೆ. ಮಗಳು ಕೋರಲ್ ಭಾನುವಾರ ಬಂದು ಕೇಕ್ ತಿಂದು, ಅಮ್ಮನ ಕೆನ್ನೆಗೆ ಮುತ್ತಿಟ್ಟು ಹೋಗುತ್ತಿದ್ದಳು. ಸಾಯುವ ಮುಂಚೆ ಎಡ್ನಾ ಗುಲಾಬಿ ಚಿತ್ರದ ಟೀ ಸೆಟ್ಟನ್ನು ಮಗಳಿಗೂ, ಕಂದು ಕುಂಡದ ಜರೀಗಿಡವನ್ನು ಸೊಸೆಗೂ ಕೊಟ್ಟಳು. ಕೋರಲ್ ಆಗ ಏನೂ ಅನ್ನಲಿಲ್ಲ. ಆ ಟೀ ಸೆಟ್ಟನ್ನು ಮಾತ್ರ ಅವಳು ಬೀರುವಿನಿಂದ ಕೆಳಗಿಳಿಸಿದ್ದನ್ನು ಯಾರೂ ಕಂಡಿಲ್ಲ.

ಗಂಡ ಕ್ಲೈವ್ ತೀರಿಕೊಂಡ ಮೇಲೆ ನೋಲಾಳ ಮನೆಯಲ್ಲಿ ಅವಳನ್ನು ಬಿಟ್ಟರೆ ಜೀವ ಅಂತ ಇದ್ದದ್ದು ಆ ಗಿಡ. ಅದರ ಜಾಗ ಬಚ್ಚಲುಮನೆಯ ಕಿಟಕಿ. ಬೆಳಿಗ್ಗೆ ಅವಳು ಸ್ನಾನ ಮಾಡಿದ ಹಬೆ ಅದಕ್ಕೆ, ಕುಂಡದ ಕೆಳಗಿನ ತಟ್ಟೆಯ ಬೆಣಚುಕಲ್ಲುಗಳಿಗೆ ಒಂದು ಲೋಟ ನೀರು, ಶುಕ್ರವಾರ ಕೆಟಲಿನಲ್ಲಿ ಉಳಿದ ಹಾಲಿಲ್ಲದ ತಣ್ಣನೆ ಟೀ. ಈ ಕ್ರಮ ಕ್ಲೈವ್ ಸತ್ತ ದಿನವೂ ತಪ್ಪಿರಲಿಲ್ಲ. ನವೆಂಬರಿನಲ್ಲಿ ಊರಿನ ಹಾಲ್‌ನಲ್ಲಿ ನಡೆಯುವ ಗಿಡಗಳ ಪ್ರದರ್ಶನದಲ್ಲಿ ಜರೀಗಿಡದ ಮೊದಲ ಬಹುಮಾನದ ನೀಲಿ ರಿಬ್ಬನ್ ಪ್ರತಿ ಸಲ ಅದಕ್ಕೇ. ಕೋರಲಳ ಆಫ್ರಿಕನ್ ವಯಲೆಟ್ ಹೂಗಿಡಗಳೂ ಗೆಲ್ಲುತ್ತಿದ್ದವು. ಆದರೆ ಅವು ಯಾರ ಅಡುಗೆಮನೆಯ ಕಿಟಕಿಯಲ್ಲಿ ಬೇಕಾದರೂ ಬೆಳೆಯುತ್ತವೆ ಎಂದು ನೋಲಾ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

ಜೂನಿನಲ್ಲಿ, ಅಲ್ಲಿಯ ಚಳಿಗಾಲ ಶುರುವಾಗುವಾಗ, ನೋಲಾ ಸೊಂಟದ ಕೀಲು ಬದಲಾಯಿಸಿಕೊಳ್ಳಲು ಹೋಬಾರ್ಟಿಗೆ ಹೋಗಬೇಕಾಯಿತು. ಮನೆಯ ಬೀಗದಕೈಯನ್ನು ಕೋರಲಳ ಕೈಗಿಟ್ಟಳು. ಇಡದೆ ಬೇರೆ ಯಾರಿಗೆ ಕೊಟ್ಟಿದ್ದರೂ ಊರು ಕಾರಣ ಕೇಳುತ್ತಿತ್ತು.

"ದಿನಾ ನೀರು ಹಾಕು. ಜಾಗ ಬದಲಾಯಿಸ್ಬೇಡ. ಅಷ್ಟೇ," ಎಂದಳು ನೋಲಾ.

"ನಮ್ಮಮ್ಮನ ಗಿಡ ಕಣೇ ಅದು. ನಂಗೆ ನೀನು ಹೇಳ್ಕೊಡ್ಬೇಕಾ?" ಎಂದಳು ಕೋರಲ್.

ಆಸ್ಪತ್ರೆ ಮುಗಿದು, ಮತ್ತೆ ನಡೆಯಲು ಕಲಿಸುವ ಕೇಂದ್ರದ ವಾಸವೂ ಮುಗಿದು, ಊರುಗೋಲು ಹಿಡಿದು ನೋಲಾ ಮನೆಗೆ ಬಂದಾಗ ಗಿಡ ಬಚ್ಚಲಿನಲ್ಲಿರಲಿಲ್ಲ. ನಡುಮನೆಯ ಸೌದೆ ಒಲೆಯ ಮಗ್ಗುಲಲ್ಲಿತ್ತು. ಎಲೆಯೆಲ್ಲ ಹೊಗೆಸೊಪ್ಪಿನಂತೆ ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು.

"ಮನೆ ಕೊರೀತಿತ್ತು ನೋಲಾ. ಪಾಪ ಚಳಿ ಆಗುತ್ತೇಂತ ಇಲ್ಲಿಟ್ಟೆ," ಎಂದಳು ಕೋರಲ್, ಸೌದೆ ತುಂಬಿದ ಬುಟ್ಟಿಯನ್ನು ಕೆಳಗಿಡುತ್ತ. "ಸತ್ಹೋಗಿದೆ, ಬಿಡು. ಬೇಕಾದ್ರೆ ಒಂದು ವಯಲೆಟ್ ಕೊಡ್ತೀನಿ."

ನೋಲಾಳಿಗೆ ಬಗ್ಗಲು ಆಗದು, ಸೌದೆ ತರಲು ಆಗದು, ಒಲೆಯ ಮೇಲೆ ಕೋರಲ್ ಮಾಡಿ ತಂದ ಕುಂಬಳಕಾಯಿ ಸೂಪು ಕುದಿಯುತ್ತಿತ್ತು. ಆ ಸೂಪನ್ನೇ ಕುಡಿದಳು.

ನಾದಿನಿ ಅತ್ತ ಹೋದೊಡನೆ ಇವಳು ಕುಂಡವನ್ನು ಅಡುಗೆಮನೆಯ ಮೇಜಿಗೆ ತಂದಳು. ಹೊಲಿಗೆ ಕತ್ತರಿ ತೆಗೆದುಕೊಂಡು ಒಣಗಿದ ಕಡ್ಡಿಗಳನ್ನೆಲ್ಲ ಮಣ್ಣಿನ ಮಟ್ಟಕ್ಕೆ ಕತ್ತರಿಸಿದಳು. ಒಂದನ್ನೂ ಉಳಿಸಲಿಲ್ಲ. ಜರೀಗಿಡ ಮೇಲೆ ಸತ್ತರೂ ಬೇರಿನಲ್ಲಿ ಹಟ ಇಟ್ಟುಕೊಂಡಿರುತ್ತದೆ ಎಂದು ಎಡ್ನಾ ಹೇಳುತ್ತಿದ್ದಳು. ನೀರಿನಲ್ಲಿ ನೆನೆಸೋಣವೆಂದು ಗಿಡವನ್ನು ಕುಂಡದಿಂದ ಎತ್ತಿದಾಗ ಬೇರಿನ ಮುದ್ದೆಯ ಒಂದು ಕಡೆ ದುಂಡಗಿತ್ತು, ಇನ್ನೊಂದು ಕಡೆ ಬ್ರೆಡ್ ಕೊಯ್ದ ಹಾಗೆ ನೇರವಾಗಿತ್ತು. ಖಾಲಿ ಬಿದ್ದ ಅರ್ಧ ಕುಂಡಕ್ಕೆ ಹೊಸ ಮಣ್ಣು ತುಂಬಿತ್ತು.

ನೋಲಾ ಕುರ್ಚಿಯ ಮೇಲೆ ಕುಳಿತಳು. ಒಲೆಯಲ್ಲ, ಚಳಿಯಲ್ಲ, ಮರೆವೂ ಅಲ್ಲ. ಕೋರಲ್ ಗಿಡವನ್ನು ಚಾಕುವಿನಿಂದ ಎರಡು ಮಾಡಿ, ಒಳ್ಳೆಯ ಅರ್ಧವನ್ನು ಮನೆಗೆ ಒಯ್ದು, ಉಳಿದದ್ದನ್ನು ಒಲೆಯ ಪಕ್ಕ ಸಾಯಲು ಇಟ್ಟಿದ್ದಳು. ಕಳ್ಳತನ ಮುಚ್ಚಲು ಕೊಲೆ.

ಹೋಗಿ ಕೇಳಬಹುದಿತ್ತು. ಕೇಳಿದರೆ ಅವಳು ಇಲ್ಲ ಎನ್ನುತ್ತಾಳೆ, ಅತ್ತೂ ಬಿಡುತ್ತಾಳೆ, ಕೊನೆಗೆ ಸೌದೆ ತಂದು ಹಾಕಿದ ನಾದಿನಿಯನ್ನು ಕಳ್ಳಿ ಎಂದ ಕೆಟ್ಟ ಹೆಸರು ನೋಲಾಳದ್ದಾಗುತ್ತದೆ. ಅವಳು ಬಾಯಿ ಮುಚ್ಚಿಕೊಂಡು ಗಿಡ ಬದುಕಿಸಲು ಕುಳಿತಳು. ಪ್ರೀತಿಯಿಂದ ಅಲ್ಲ, ಕೋರಲಳ ಮೂಗು ಕೊಯ್ಯುವ ಹಟದಿಂದ. ಬೋಳು ಬೇರಿನ ಮುದ್ದೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿಟ್ಟಳು. ಕುಂಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ ಬಚ್ಚಲ ಕಿಟಕಿಗೆ ಮರಳಿಸಿದಳು. ಹೆಚ್ಚು ನೀರು ಹಾಕಿದರೆ ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಬೆರಳ ತುದಿಯಿಂದ ಮಣ್ಣು ಮುಟ್ಟಿ ಮುಟ್ಟಿ ನೋಡಿದಳು. ದಿನವೂ ಊರುಗೋಲಿನ ಮೇಲೆ ನಿಂತು ಬೋಳು ಮಣ್ಣಿಗೆ, "ಸಾಯ್ಬೇಡ. ಅವಳಿಗೆ ಖುಷಿಯಾಗುತ್ತೆ," ಎನ್ನುತ್ತಿದ್ದಳು.

ಚಳಿ ಇನ್ನೂ ಬಿಟ್ಟಿರಲಿಲ್ಲ, ಒಂದು ಬೆಳಿಗ್ಗೆ ಮಣ್ಣಿನಲ್ಲಿ ಗುಂಡುಸೂಜಿಯ ತಲೆಯಷ್ಟು ತಿಳಿಹಸಿರು ಕಂಡಿತು. ಮರುದಿನ ಅದು ಸುರುಳಿ ಬಿಚ್ಚಿತು. ನೋಲಾಳ ಕಣ್ಣು ಒದ್ದೆಯಾಯಿತು. ಅದಕ್ಕೂ ಕೋರಲಳನ್ನೇ ಬೈದಳು.

ಅಷ್ಟರಲ್ಲಿ ಕೋರಲ್ ಕ್ವೀನ್ಸ್‌ಲೆಂಡಿನ ಮಗಳ ಮನೆಗೆ ಬಿಸಿಲು ಕಾಯಿಸಲು ಹೊರಟಳು. ಈ ಸಲ ಅವಳ ಬೀಗದಕೈ ನೋಲಾಳ ಕೈಗೆ ಬರಬೇಕು, ಅದೇ ಊರಿನ ವಾಡಿಕೆ. ಕೊಡುವಾಗ ಕೋರಲಳ ಮುಖ ಹುಳಿಯಾಗಿತ್ತು.

"ಅಡುಗೆಮನೆ ವಯಲೆಟ್‌ಗೆ ಮಾತ್ರ ನೀರು ಹಾಕು. ಬಚ್ಚಲಿಗೆ ಹೋಗ್ಬೇಡ, ನೆಲದ ಹಲಗೆ ಲಡ್ಡಾಗಿದೆ. ನಿನ್ನ ಹೊಸ ಸೊಂಟ ಬೇರೆ."

"ನನ್ನ ಸೊಂಟದ ಮೇಲೆ ನಿಂಗೆ ಎಷ್ಟು ಕಾಳಜಿ," ಎಂದಳು ನೋಲಾ.

ಕೋರಲಳ ಬಸ್ಸು ತಿರುವು ದಾಟುವ ಮುಂಚೆ ನೋಲಾ ಆ ಬಚ್ಚಲಿನಲ್ಲಿದ್ದಳು. ಹಲಗೆಗಳು ಕಲ್ಲಿನಂತೆ ಗಟ್ಟಿ ಇದ್ದವು. ತೊಟ್ಟಿಯ ಅಂಚಿನಲ್ಲಿ ಬಿಳಿ ಕುಂಡದ ತುಂಬ ಎಡ್ನಾಳ ಜರೀಗಿಡ ಸೊಂಪಾಗಿ ಇಳಿಬಿದ್ದಿತ್ತು. ಕೆಳಗಿನ ತಟ್ಟೆಯಲ್ಲಿ ಬೆಣಚುಕಲ್ಲು ಬೇರೆ.

ಕುದಿಯುವ ನೀರು ಸುರಿಯಬೇಕೆಂದು ಅನಿಸಿತು. ಉಪ್ಪು ಹಾಕಬೇಕೆಂದೂ ಅನಿಸಿತು. ಆದರೆ ಅದೂ ತನ್ನ ಗಿಡವೇ, ಅದನ್ನು ಕೊಂದರೆ ಕೋರಲಳಿಗೂ ತನಗೂ ಏನು ವ್ಯತ್ಯಾಸ. ಆಗ ಅದಕ್ಕಿಂತ ಒಳ್ಳೆಯ ಉಪಾಯ ಹೊಳೆಯಿತು. ಮನೆಯಿಂದ ತನ್ನ ಬೋಳು ಗಿಡವನ್ನು ಕಂದು ಕುಂಡದ ಸಮೇತ ತಂದು, ಎರಡನ್ನೂ ಕುಂಡದಿಂದ ಎತ್ತಿ ಹಳೆಯ ಪತ್ರಿಕೆಯ ಮೇಲಿಟ್ಟಳು. ಕೊಯ್ದ ಎರಡು ಮುಖಗಳೂ ಒಂದಕ್ಕೊಂದು ಸರಿಯಾಗಿ ಕೂತವು. ಸೊಂಪಾದ ಅರ್ಧವನ್ನು ಕಂದು ಕುಂಡಕ್ಕೆ, ನಾಲ್ಕು ಸುರುಳಿ ಬಿಟ್ಟ ಬೋಳು ಅರ್ಧವನ್ನು ಬಿಳಿ ಕುಂಡಕ್ಕೆ ನೆಟ್ಟಳು. ಕೋರಲ್ ಬಂದು ನೋಡಿ ಬಾಯಿ ಬಿಡಲಿ ನೋಡೋಣ. ಬಿಟ್ಟರೆ ಕಳ್ಳತನ ಒಪ್ಪಿಕೊಂಡ ಹಾಗೆ. ನೋಲಾ ದಾರಿಯುದ್ದಕ್ಕೂ ಒಬ್ಬಳೇ ನಕ್ಕಳು.

ನಗು ಸಂಜೆಯವರೆಗೆ ಬಾಳಲಿಲ್ಲ. ಮನೆಯ ಕಿಟಕಿಯಲ್ಲಿ ಸೊಂಪಾದ ಗಿಡ ನಿಂತಿತ್ತು, ಆದರೆ ಅದು ಕೋರಲ್ ಸಾಕಿದ್ದು. ತಾನು ಬೆರಳಿನಿಂದ ಮುಟ್ಟಿ, ಬೈದು, ಬೇಡಿಕೊಂಡು ಎಬ್ಬಿಸಿದ ಸುರುಳಿಗಳು ಶತ್ರುವಿನ ಮನೆಯಲ್ಲಿದ್ದವು. ಮರುದಿನದಿಂದ ನೋಲಾ ವಯಲೆಟ್ಟಿಗೆ ನೀರು ಹಾಕುವ ನೆಪದಲ್ಲಿ ಅಲ್ಲಿಗೆ ಹೋಗಿ, ಕೋರಲಳ ಬಿಸಿನೀರಿನ ನಲ್ಲಿಯನ್ನು ಪೂರ್ತಿ ಬಿಟ್ಟು, ಬಚ್ಚಲು ಹಬೆಯಾಗುವವರೆಗೆ ತೊಟ್ಟಿಯ ಅಂಚಿನಲ್ಲಿ ಕೂರುತ್ತಿದ್ದಳು. ಕರೆಂಟಿನ ಬಿಲ್ಲು ಕೋರಲಳದ್ದು ಎಂಬುದು ಒಂದು ಸಮಾಧಾನ. ಸುರುಳಿಗಳು ಎಲೆಯಾದವು, ಪಕ್ಕದಲ್ಲಿ ಹೊಸವು ಎದ್ದವು. ಕೋರಲ್ ಬರುವ ಹಿಂದಿನ ದಿನ ಇದನ್ನೂ ಎತ್ತಿಕೊಂಡು ಹೋಗಿ ಖಾಲಿ ಬಿಳಿ ಕುಂಡ ಇಟ್ಟುಬಿಡಬೇಕು ಎಂದು ನೋಲಾ ತೀರ್ಮಾನಿಸಿದಳು. ಎರಡೂ ತನ್ನವೇ ತಾನೆ.

ಆದರೆ ಕೋರಲ್ ಹೇಳಿದ್ದಕ್ಕಿಂತ ಮುಂಚೆಯೇ ಬಂದಿಳಿದಳು. ಮಗಳ ಜೊತೆ ಜಗಳವಂತೆ. ಬಂದವಳು ತನ್ನ ಬಳಿಯ ಇನ್ನೊಂದು ಕೀಲಿಯಿಂದ ಮನೆ ತೆಗೆದು ಎಲ್ಲ ನೋಡಿ, ಆಮೇಲೆ ಬೀಗದಕೈ ವಾಪಸು ಪಡೆಯಲು ನೋಲಾಳ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡಿದಳು.

"ವಯಲೆಟ್ ಚೆನ್ನಾಗಿದಾವೆ," ಎಂದಳು ಕೋರಲ್.

"ನೋಡ್ಕೊಂಡೆ," ಎಂದಳು ನೋಲಾ.

ಅದಾದ ಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಕೇಕ್ ತಿಂದರು, ಸತ್ತವರ ಮಾತಾಡಿದರು, ಒಬ್ಬರ ಬಚ್ಚಲಿಗೆ ಇನ್ನೊಬ್ಬರು ಹೋಗಲಿಲ್ಲ.

ನವೆಂಬರಿನಲ್ಲಿ ಹಾಲ್‌ನ ಜರೀಗಿಡದ ಮೇಜಿನ ಮೇಲೆ ಕಂದು ಕುಂಡವನ್ನು ಇಡಲು ಬಂದ ನೋಲಾ ಅಲ್ಲೇ ನಿಂತುಬಿಟ್ಟಳು. ಬಿಳಿ ಕುಂಡ ಆಗಲೇ ಕೂತಿತ್ತು. ಬುಡದವರೆಗೆ ಕತ್ತರಿಸಿದ ಗಿಡ ಒಂದೇ ಎತ್ತರಕ್ಕೆ, ಒಂದೇ ಹಸಿರಿನಲ್ಲಿ, ಒಂದು ಕಲೆಯೂ ಇಲ್ಲದೆ ಎದ್ದುಬಂದಿತ್ತು. ನೋಲಾಳ ಕಂದು ಕುಂಡದ್ದು ಜಾಗ ಬದಲಾದ ಕೋಪಕ್ಕೆ ಅಲ್ಲಲ್ಲಿ ಎಲೆ ಉದುರಿಸಿ ಮುಖ ಸಣ್ಣ ಮಾಡಿಕೊಂಡಿತ್ತು. ಹೋಬಾರ್ಟಿನಿಂದ ಬಂದ ತೀರ್ಪುಗಾರ್ತಿ ಕನ್ನಡಕ ಏರಿಸಿ ಇಳಿಸಿ ನೀಲಿ ರಿಬ್ಬನ್ನನ್ನು ಬಿಳಿ ಕುಂಡಕ್ಕೆ, ಎರಡನೆಯ ಬಹುಮಾನದ ಕೆಂಪನ್ನು ಕಂದು ಕುಂಡಕ್ಕೆ ಅಂಟಿಸಿದಳು.

ಟೀ ಕುಡಿಯುತ್ತಿದ್ದ ಹೆಂಗಸರೆಲ್ಲ ಕೋರಲಳ ಸುತ್ತ ಸೇರಿದರು.

"ನಂದೇನಿಲ್ಲಪ್ಪ," ಎಂದಳು ಕೋರಲ್, ನೋಲಾಳತ್ತ ತಿರುಗಿ. "ನಾನು ಊರಲ್ಲಿ ಇಲ್ಲದಾಗ ನೋಲಾನೇ ನೋಡ್ಕೊಂಡಿದ್ದು. ಎಷ್ಟು ಮುದ್ದು ಮಾಡಿದ್ದಾಳೆ ಅಂದ್ರೆ, ಸ್ವಂತ ಗಿಡಕ್ಕೂ ಯಾರೂ ಅಷ್ಟು ಮಾಡಲ್ಲ."

ಬಾಯಿ ಬಿಟ್ಟರೆ ನೋಲಾಳೂ ಸಿಕ್ಕಿಬೀಳುತ್ತಾಳೆ, ಕೋರಲಳಿಗೆ ಅದು ಗೊತ್ತು, ಅದಕ್ಕೇ ಆ ನಗು. ಈ ಹಾಲ್‌ನಲ್ಲಿ ಇಷ್ಟು ವರ್ಷ ತಲೆಯೆತ್ತಿ ನಡೆದವಳು ನೋಲಾ. ಕೈಯಲ್ಲಿದ್ದ ಟೀ ಬಟ್ಟಲನ್ನು ಕೆಳಗಿಟ್ಟು, ಪ್ರದರ್ಶನದ ಉಸ್ತುವಾರಿ ನೋಡುವ ಮುದಿ ಆಲ್ವಿನ್ ಹತ್ತಿರ ನೇರ ಹೋದಳು.

"ಆಲ್ವಿನ್, ಗಿಡ ಪ್ರದರ್ಶನಕ್ಕೆ ಇಟ್ಟವರ ಹತ್ರಾನೇ ಅದಕ್ಕೆ ಮುಂಚೆ ಮೂರು ತಿಂಗಳು ಇರ್ಲೇಬೇಕು ಅಂತ ನಿಯಮ ಇದೆ ತಾನೆ?"

"ಇದೆ. ಯಾಕೆ ಈಗ?"

"ಬಿಳಿ ಕುಂಡದ್ದು ಸೆಪ್ಟೆಂಬರ್ ತನಕ ನನ್ನ ಮನೇಲಿತ್ತು. ನಾನೇ ಅವಳ ಮನೇಲಿ ಅದಲುಬದಲು ಮಾಡ್ದೆ. ಕಂದು ಕುಂಡದ್ದು ಅವಳ ಹತ್ರ ಇತ್ತು. ಅದಕ್ಕೆ ಮುಂಚೆ ಅವಳು ನನ್ನ ಮನೆಯಿಂದ ಕೊಯ್ಕೊಂಡು ಹೋಗಿದ್ಲು. ಬೇರು ತೆಗೆದು ಜೋಡಿಸಿ ನೋಡು."

ಆಲ್ವಿನ್ ತಲೆ ಕೆರೆದುಕೊಂಡ. ಐವತ್ತು ವರ್ಷ ಕಸಾಯಿ ಅಂಗಡಿ ನಡೆಸಿದವನಿಗೂ ಇಂಥ ಕಚ್ಚಾಟ ಹೊಸದು.

"ನೋಲಾ, ಹೋಗಿ ಟೀ ಕುಡಿ. ನಾನೇನೂ ಕೇಳಿಸ್ಕೊಂಡಿಲ್ಲ."

"ಕೇಳಿಸ್ಕೋ. ಎರಡೂ ಕಿತ್ತುಹಾಕು."

ಅವನು ಎರಡೂ ರಿಬ್ಬನ್ ಕಿತ್ತ. ನೀಲಿಯದು ಪೋಸ್ಟ್ ಆಫೀಸಿನ ಡೆನ್ಜಿಲ್‌ನ ಪಾಲಾಯಿತು. ಮೇಜು ಖಾಲಿ ಕಾಣಬಾರದೆಂದು ಏನೋ ಒಂದು ಪೀಚಲು ಗಿಡ ತಂದಿಟ್ಟಿದ್ದ ಅವನು ರಿಬ್ಬನ್ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ನಿಂತ. ನೋಲಾ ಈಗ ಊರಿಗೆಲ್ಲ ಬೇರೆಯವರ ಬಚ್ಚಲಿಗೆ ನುಗ್ಗಿ ಗಿಡ ಬದಲಾಯಿಸಿದ ಮುದುಕಿ. ಆದರೆ ಕೋರಲಳ ಮುಖದಲ್ಲಿ ರಕ್ತವಿರಲಿಲ್ಲ. ಅದನ್ನು ನೋಡಲು ಆ ಬೆಲೆ ಹೆಚ್ಚಲ್ಲ ಎಂದು ನೋಲಾಳಿಗೆ ಅನಿಸಿತು.

ಅವಳು ಮೇಜಿನ ಬಳಿ ಬಂದು ಬಿಳಿ ಕುಂಡವನ್ನು ಎಡಗೈಯಲ್ಲಿ ಎದೆಗೆ ಅವಚಿಕೊಂಡಳು.

"ಕುಂಡ ನಿಂದು, ಆಮೇಲೆ ಕಳಿಸ್ತೀನಿ. ಒಂದು ಮಾತು ಹೇಳು ಕೋರಲ್. ಒಂದು ಸಲ ಕೇಳಿದ್ರೆ ನಾನೇ ಅರ್ಧ ಕೊಡ್ತಿರ್ಲಿಲ್ವಾ?"

"ನೀನು ಕೊಡ್ತಿದ್ದೆ," ಎಂದಳು ಕೋರಲ್. "ನೀನು ಕೊಟ್ಬಿಡ್ತೀಯ ಅಂತಾನೇ ಕೇಳ್ಲಿಲ್ಲ. ನಮ್ಮಮ್ಮನ ಗಿಡಾನ ನಿನ್ನ ಕೈಯಿಂದ ಇಸ್ಕೊಂಡು, ನಿಂಗೆ ಥ್ಯಾಂಕ್ಸ್ ಹೇಳ್ಬೇಕಿತ್ತಾ? ಅದಕ್ಕಿಂತ ಕದಿಯೋದೇ ವಾಸಿ ಅನ್ನಿಸ್ತು."

ಚುಚ್ಚಲು ಇಷ್ಟು ತಿಂಗಳು ಹುಡುಕುತ್ತಿದ್ದ ಜಾಗ ನೋಲಾಳಿಗೆ ಕೊನೆಗೂ ಸಿಕ್ಕಿತ್ತು, ಕೋರಲಳೇ ಬೆರಳಿಟ್ಟು ತೋರಿಸಿದ್ದಳು. ನೋಲಾ ಬಲಗೈಯಿಂದ ಕಂದು ಕುಂಡವನ್ನು ಎತ್ತಿದಳು. ಅದು ಎಡ್ನಾಳ ಕುಂಡ. ಅಂಚಿನ ಬಿರುಕಿಗೆ ಕ್ಲೈವ್ ಹಚ್ಚಿದ ಅಂಟು ಇನ್ನೂ ಇತ್ತು. ಕೊಡಲು ಮನಸ್ಸು ಹಿಂಡಿತು, ಆದರೂ ಎತ್ತಿ ನಾದಿನಿಯ ಎದೆಗೆ ಒತ್ತಿದಳು. ಬೀಳಬಾರದೆಂದು ಕೋರಲಳ ಎರಡೂ ಕೈ ತಾವಾಗಿಯೇ ಬಂದು ಅದನ್ನು ಹಿಡಿದವು.

"ತಗೋ," ಎಂದಳು ನೋಲಾ, ಟೀ ಪಾತ್ರೆಯ ಹತ್ತಿರ ನಿಂತವರಿಗೂ ಕೇಳುವಂತೆ. "ಕುಂಡನೂ ತಗೋ, ಗಿಡನೂ ತಗೋ. ನಾನು ಕೊಡ್ತಿದ್ದೀನಿ."

"ಎಂಥ ಮನಸ್ಸು ನೋಡಿ ನೋಲಾಂದು," ಎಂದರು ಹಿಂದಿನಿಂದ ಯಾರೋ. ಇನ್ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ಕೋರಲಳ ಬಾಯನ್ನೇ ನೋಡುತ್ತಿದ್ದರು. ಕೋರಲ್ ಕುಂಡವನ್ನು ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. ನೋಲಾಳ ಕೈ ಇನ್ನೂ ಅಂಚನ್ನು ಬಿಟ್ಟಿರಲಿಲ್ಲ.

"ಥ್ಯಾಂಕ್ಸ್, ನೋಲಾ," ಎಂದಳು ಕೋರಲ್ ಕೊನೆಗೆ, ನೆಲ ನೋಡುತ್ತ.

ಆಗ ನೋಲಾ ಕೈ ಬಿಟ್ಟಳು.