ಬೋಟು ಬದಲಿಸಿದವನ ಹೆಸರು

ಆ ಬೆಳಿಗ್ಗೆ ತದಡಿಯ ನಮ್ಮ ಮೀನುಗಾರರ ಸಂಘದ ಕೋಣೆಯಲ್ಲಿ ಮೂವರಿದ್ದೆವು: ಕಾರ್ಯದರ್ಶಿಗಳು, ಹೊಸ ಕಂಪ್ಯೂಟರು ಕೂರಿಸಲು ಕುಮಟೆಯಿಂದ ಬಂದವರು, ಬಹಳ ವರ್ಷಗಳಿಂದ ಅಲ್ಲಿ ರೈಟರಾಗಿದ್ದ ನಾನು. ಯಾವ ಬೋಟಿನಲ್ಲಿ ಯಾರ್ಯಾರು ಕಡಲಿಗೆ ಹೋದರು ಎಂದು ದಾಖಲಿಸುವುದು ನನ್ನ ಕೆಲಸ.

ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಎಂಬುದೇ ಇರಲಿಲ್ಲ. ಕಪ್ಪು ಪರದೆ, ಮಿನುಗುವ ಒಂದು ಗೆರೆ. ಬೋಟಿನ ನಂಬರು, ಆಳಿನ ನಂಬರು, ನಡುವೆ ಒಂದಕ್ಷರ ಒತ್ತಿದರೆ ಮುಗಿಯಿತು. ನಮ್ಮವರೋ, ಹಗ್ಗ ಬಿಚ್ಚಿದ ಮೇಲೂ ಬೋಟು ಬದಲಿಸುವ ಜನ. ನೆಂಟರ ಬೋಟಿಗೆ ಆಳು ಕಡಿಮೆ ಬಿದ್ದರೆ ಇದರಿಂದ ಅದಕ್ಕೆ ಹಾರುವುದು, ನನ್ನ ಕಿಟಕಿಯತ್ತ ಒಂದು ಕೂಗು ಹಾಕುವುದು. ಆ ಕೂಗು ಮುಗಿಯುವುದರೊಳಗೆ ನನ್ನ ಬೆರಳು ಕೆಲಸ ಮುಗಿಸಿರುತ್ತಿತ್ತು. ಆ ಅಕ್ಷರಗಳನ್ನು ನಾನು ಯಾರಿಗೂ ಕಲಿಸಲಿಲ್ಲ, ಅದನ್ನೂ ಹೇಳಿಬಿಡಬೇಕು.

"ಇದನ್ನ ಯಾರು ಬೇಕಾದ್ರೂ ಮಾಡ್ಬಹುದು," ಎಂದರು ಕುಮಟೆಯವರು, ಮೌಸನ್ನು ನನ್ನ ಕೈಗಿಡುತ್ತ. "ಆಳಿನ ಫೋಟೋ ನೋಡೂದು, ಒತ್ತೂದು. ಆತು."

"ಹಾಗಾರೆ ಇನ್ನು ರೈಟರು ಎಂತಕ್ಕೆ?" ಎಂದರು ಕಾರ್ಯದರ್ಶಿಗಳು.

ಇಬ್ಬರೂ ನಕ್ಕು ಚಹಾಕ್ಕೆ ಹೋದರು. ನಾನೂ ನಕ್ಕಿದ್ದೆ. ಮೀನಿನ ಮುಳ್ಳು ಗಂಟಲಿಗೆ ಸಿಕ್ಕವನ ನಗು.

ಆಗಲೇ ಬೋಟು ಕಟ್ಟುವ ಧಕ್ಕೆಯಿಂದ ಕೂಗು ಬಂತು. "ರೈಟರಣ್ಣ, ನಾ ದೊಡ್ಡ ಬೋಟು ಬಿಟ್ಟು ಭಾವನ ಬೋಟಿಗೆ ಹೋಗ್ತೆ, ಬರ್ಕಣಿ."

ಪರದೆಯಲ್ಲಿ ಒಂದು ಬೋಟು ತೆರೆದು ಅವನ ಫೋಟೋ ಹುಡುಕಬೇಕು, ತೆಗೆಯಬೇಕು, ಇನ್ನೊಂದು ಬೋಟು ತೆರೆದು ಸೇರಿಸಬೇಕು. ಒತ್ತಿದೆ. ಪರದೆಯ ಮೇಲೆ ಒಂದು ಬಳೆ ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ಕಾಯಬಹುದಿತ್ತು. ಒಂದು ಚೀಟಿಯಲ್ಲಾದರೂ ಬರೆದಿಡಬಹುದಿತ್ತು. ನಾನು ಅವನ ಹೆಸರನ್ನು ದೊಡ್ಡ ಬೋಟಿನಲ್ಲೇ ಬಿಟ್ಟು ಮೌಸಿನ ಮೇಲಿಂದ ಕೈ ತೆಗೆದೆ. ತಪ್ಪಾಗಲಿ, ಈ ಪೆಟ್ಟಿಗೆಯ ಯೋಗ್ಯತೆ ಅವರಿಗೂ ತಿಳಿಯಲಿ ಎಂದುಕೊಂಡೆ.

ಮಧ್ಯಾಹ್ನ ಗಾಳಿ ಎದ್ದಿತು. ನಾನು ಊಟಕ್ಕೆ ಹೋಗಿದ್ದಾಗ ಆ ಕೂಗಿದವನ ಹೆಂಡತಿ, ಹಿರೇಗುತ್ತಿಯ ಕಡೆ ಮೀನು ಮಾರುವವಳು, ಬುಟ್ಟಿಯ ಸಮೇತ ಓಡಿಬಂದು ಗಂಡ ಯಾವ ಬೋಟಿನಲ್ಲಿದ್ದಾನೆ ಎಂದು ಕೇಳಿದಳಂತೆ. ಯಾರು ಬೇಕಾದರೂ ಮಾಡಬಹುದಲ್ಲ, ಕಾರ್ಯದರ್ಶಿಗಳೇ ಫೋಟೋ ಒತ್ತಿ ನೋಡಿ ಹೇಳಿದರಂತೆ: "ದೊಡ್ಡ ಬೋಟಲ್ಲಿದ್ದಾನೆ ತಂಗಿ. ಅದು ಅಳಿವೆ ಹತ್ರ ಬಂತು. ಹೋಗಿ ಅನ್ನಕ್ಕಿಡು."

ಅವಳು ಹೋಗಿ ಅನ್ನಕ್ಕಿಟ್ಟಳು. ದೊಡ್ಡ ಬೋಟು ಬಂತು, ಅದರಲ್ಲಿ ಅವನಿರಲಿಲ್ಲ. ಭಾವನ ಬೋಟು ಬರಲಿಲ್ಲ, ಫೋನೂ ತಾಗಲಿಲ್ಲ.

ಎರಡು ದಿನ ಅವಳು ಧಕ್ಕೆಯ ಮೇಲೆ ಕೂತಿದ್ದಳು. ಜನ ಹೊಸ ಕಂಪ್ಯೂಟರಿಗೆ ಶಾಪ ಹಾಕಿದರು. "ನಿನ್ನ ಕರಿ ಪರದೆನೇ ಲಾಯ್ಕಿತ್ತು ಮಾರಾಯ," ಎಂದರು ಕಾರ್ಯದರ್ಶಿಗಳು. ನನಗೆ ಬೇಕಾಗಿದ್ದ ಮಾತು ಅದೇ. ಅವನ ಕೂಗು ನನಗೆ ಕೇಳಿಸಿತ್ತು, ಬೇಕೆಂದೇ ಬರೆಯಲಿಲ್ಲ ಎಂದು ಮೂರನೆಯ ದಿನ ಅವಳೊಬ್ಬಳಿಗೆ ಹೇಳಿದೆ. ಅವಳು ಮುಖ ಎತ್ತಲಿಲ್ಲ.

ಅದೇ ಸಂಜೆ ಇಂಜಿನ್ ಕೆಟ್ಟ ಆ ಬೋಟನ್ನು ಇನ್ನೊಂದು ಬೋಟು ಹೊನ್ನಾವರಕ್ಕೆ ಎಳೆದು ತಂದಿತು. ಎಲ್ಲರೂ ಬದುಕಿದ್ದರು.

ಮುಂದಿನ ಸಲ ಅವನು ಕಡಲಿಗೆ ಹೊರಟಾಗ ಅವಳು ಕಿಟಕಿಗೆ ಬಂದಳು. ಬುಟ್ಟಿ ಇಳಿಸಲಿಲ್ಲ, ಅಣ್ಣ ಅನ್ನಲಿಲ್ಲ. "ಓದಿ," ಎಂದಳು. ಬೋಟಿನ ನಂಬರನ್ನೂ ಅವಳ ಗಂಡನ ಹೆಸರನ್ನೂ ಓದಿದೆ. "ಇನ್ನೊಂದ್ಸಲ," ಎಂದಳು. ಮತ್ತೆ ಓದಿದೆ.