ಮೆಟ್ಟು ಬಿಡದೆ ಕಣಕ್ಕೆ ಬಂದವರು

ನಮ್ಮ ಸೀಮೆಯಿಂದ ಮೇಲ್ಮನೆಗೆ ಹೋದ ಮೂವರ ಬಗ್ಗೆ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಆಲೂರಿನ ಸಮಿತಿಯವರು ಕೇಳಿದಾಗ ಒಪ್ಪಿಕೊಂಡೆ. ಗೌರವದಿಂದಲ್ಲ. ಆ ಮೂವರಲ್ಲಿ ಒಬ್ಬರ ಮೇಲೆ ನನಗೆ ಹಳೆಯ ಹಗೆಯಿತ್ತು.

ಮೊದಲಿನವರು ಕಾಫಿ ಬೆಳೆಗಾರರ ಪರವಾಗಿ ಸದನದಲ್ಲಿ ಮಾತಾಡಿದರು. ಬೆಲೆ ಏರಲಿಲ್ಲ, ಮಾತು ಉಳಿಯಿತು. ಎರಡನೆಯವರು ಹಳ್ಳಕ್ಕೆ ಸೇತುವೆ ತಂದರು. ಅದರ ಮೇಲೆ ಇಂದಿಗೂ ಭತ್ತದ ಟ್ರ್ಯಾಕ್ಟರುಗಳು ಹೋಗುತ್ತವೆ. ಮೂರನೆಯವರು ಪಾಳ್ಯದ ದಾರಿಯಲ್ಲಿ ನಮ್ಮ ಕಣದ ಮೇಲೆ ಬಸ್ ತಂಗುದಾಣ ಕಟ್ಟಿಸಿದರು.

ಜಾಗ ಸರ್ಕಾರದ್ದಂತೆ. ಇರಲಿ. ಆದರೆ ಕಣಕ್ಕೆ ಸಗಣಿ ಸಾರಿಸಿದ ಮೇಲೆ ನಮ್ಮಲ್ಲಿ ಯಾರೂ ಮೆಟ್ಟು ಹಾಕಿಕೊಂಡು ಅದರೊಳಗೆ ಕಾಲಿಡುವುದಿಲ್ಲ. ಜಾಗ ನೋಡಲು ಬಂದ ಆ ಸದಸ್ಯರು ನೇರ ನಡುವಿಗೆ ನಡೆದು, ಒಕ್ಕಿದ ರಾಗಿಯ ರಾಶಿಯ ಪಕ್ಕ ನಿಂತು, "ಇಲ್ಲೇ ಆಗ್ಲಿ" ಎಂದರು. ಕಪ್ಪು ಬೂಟು ಎಂದು ನನ್ನ ನೆನಪು. ಕಂದು ಚಪ್ಪಲಿ ಎಂದು ಅಮ್ಮ. ನನ್ನ ನೆನಪನ್ನು ನಾನೇ ನಂಬುವುದಿಲ್ಲ, ಬಣ್ಣವನ್ನು ಬಿಟ್ಟುಕೊಡುತ್ತೇನೆ. ಹೆಜ್ಜೆಯನ್ನು ಬಿಡುವುದಿಲ್ಲ.

ಆ ತಂಗುದಾಣದಲ್ಲಿ ಬಸ್ಸು ನಿಲ್ಲುವುದೂ ಇಲ್ಲ. ಮುಂದಿನ ಹಲಸಿನ ಮರದಡಿ ನಿಲ್ಲುತ್ತದೆ.

ಅವರು ತೀರಿಕೊಂಡ ಮೇಲೆ, ಹೋದ ಸುಗ್ಗಿಯಲ್ಲಿ, ಸಮಿತಿಯವರು ಆ ತಂಗುದಾಣದಲ್ಲಿ ಅವರ ಭಾವಚಿತ್ರದ ಅನಾವರಣ ಇಟ್ಟುಕೊಂಡರು. ಬೆಳಿಗ್ಗೆಯೇ ಅಮ್ಮ ತಂಗುದಾಣದ ಸಿಮೆಂಟಿಗೆ ಸಗಣಿ ಸಾರಿಸಿ, ನಡುವೆ ಒಂದು ಮೊರ ರಾಗಿ ಸುರಿದು, ಎದುರಿಗೆ ಅಡ್ಡ ಕೂತಳು.

"ಮೆಟ್ ಬುಟ್ಟು ಬನ್ನಿ. ಕಣ ಐತೆ."

"ಅಮ್ಮಾವ್ರೇ, ಇದು ಬಸ್ ಸ್ಟಾಂಡು ಕಣ್ರೀ," ಎಂದರು ಸಮಿತಿಯ ಕಾರ್ಯದರ್ಶಿ.

"ಬಸ್ ಬಂದಾಗ ಹೇಳಪ್ಪ. ಎದ್ದೋಯ್ತೀನಿ."

ಬಂದವರೆಲ್ಲ ರೈತರ ಮಕ್ಕಳೇ. ರಾಗಿಯ ಎದುರು ಮೆಟ್ಟುಗಾಲು ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಜಲ್ಲಿಯ ಮೇಲೆ ಬರಿಗಾಲಲ್ಲಿ ಕುಂಟುತ್ತ ಒಬ್ಬೊಬ್ಬರೇ ಒಳಗೆ ಬಂದರು. ನನ್ನ ಹೊಟ್ಟೆ ತಣ್ಣಗಾಯಿತು.

ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಅದರ ಕೆಳಗೆ: ಅಗಲಿದ ನಾಯಕರಿಗೆ ಬರಿಗಾಲಿನ ನಮನ.

ಅಮ್ಮನಿಗೆ ಓದಿ ಹೇಳಿದೆ.

"ರಾಗಿ ಮರ್ಯಾದೆನೂ ಅವ್ನೇ ತಿಂದ್ಬುಟ್ಟ, ನೋಡು," ಎಂದಳು.

ಅಂದೇ ಲೇಖನ ಮುಗಿಸಿದೆ. ಮೂರನೆಯವರ ಕೊಡುಗೆಗೆ ಒಂದೇ ಸಾಲು: ಇವರು ಮೆಟ್ಟು ಬಿಡದೆ ಕಣಕ್ಕೆ ಬಂದರು.

ಕಾರ್ಯದರ್ಶಿ ಫೋನ್ ಮಾಡಿದರು. "ಆ ಸಾಲು ತೆಗ್ದ್‌ಬುಡಿ ಮಾರಾಯ್ರೇ. ಸತ್ತೋರ ಮೇಲೆ ಯಾಕೆ?"

"ತೆಗೀತೀನಿ. ಮೊದ್ಲು ನೀವು ತಂಗುದಾಣ ತೆಗೀರಿ."

ಸಂಚಿಕೆ ಆ ಸಾಲಿಲ್ಲದೆ ಹೊರಬಂತು. ಅದಕ್ಕೇ ಇಷ್ಟನ್ನೂ ಇಲ್ಲಿ ಬರೆದದ್ದು.