ಎಸ್ತೇರತ್ತೆಯ ನಂತರದ ಗುಟುಕು

ಕಳೆದ ತಿಂಗಳು ಅಥಣಿಯಿಂದ ಬರುವಾಗ ನಮ್ಮ ಬಸ್ಸು ಒಣದ್ರಾಕ್ಷಿಯ ಶೆಡ್ಡೊಂದರ ಎದುರು ಕೆಟ್ಟು ನಿಂತಿತು. ಕಿಟಕಿಯಿಂದ ಒಳಬಂದ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಶಿರಗುಪ್ಪಿ ಹಾದಿಯ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿದ್ದೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಗೊಬ್ಬರದ ಅಂಗಡಿ ಎದ್ದಿದೆ. ಒಲೆಯಿದ್ದ ಕಡೆ ಯಾರೋ ಟೇಬಲ್ ಹಾಕಿಕೊಂಡು ಕೂತಿದ್ದಾರೆ. ಆ ಒಲೆಯ ಮೇಲೆ, ತಿಂಗಳ ಮೊದಲ ಭಾನುವಾರದ ಹಿಂದಿನ ದಿನ, ನನ್ನ ಆಯಿ, ಅಂದರೆ ಅಪ್ಪನ ತಾಯಿ ಮಾರ್ಥವ್ವ, ಚರ್ಚಿನಲ್ಲಿ ಸಭೆಯವರೆಲ್ಲ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಕುದಿಸುತ್ತಿದ್ದಳು. ಹಸಿ ದ್ರಾಕ್ಷಿ ಸಿಗದ ತಿಂಗಳಲ್ಲಿ ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಬಿಳಿ ಅರಿವೆಯಲ್ಲಿ ಸೋಸುವಳು. ಕರಿದ್ರಾಕ್ಷಿಯ ಕಾಲ ಬಂತೆಂದರೆ ಅರಿವೆಯಲ್ಲಿ ಉಳಿದ ಸಿಪ್ಪೆ ಮಕ್ಕಳ ಪಾಲು, ನಮ್ಮ ಬಾಯಿ, ಗಲ್ಲ, ಅಂಗಿಯೆಲ್ಲ ನೇರಳೆ.

ಆಯಿಯ ಭಕ್ತಿ ಭಾನುವಾರಕ್ಕೆ ಮಾತ್ರ ಇಸ್ತ್ರಿ ಮಾಡಿ ತೆಗೆಯುವಂಥದ್ದಲ್ಲ. ರೊಟ್ಟಿ ಬಡಿಯುತ್ತಲೇ ಪ್ರಾರ್ಥಿಸುತ್ತಿದ್ದಳು, ಅದೂ ಕಣ್ಣು ತೆರೆದು. ಮುಚ್ಚಿದರೆ ಕೋಳಿ ಬಂದು ಹಿಟ್ಟಿಗೆ ಬಾಯಿ ಹಾಕುತ್ತಿತ್ತು. ನಡುವೆ ಕೋಳಿಗೆ ಬೈದು ಮತ್ತೆ ದೇವರ ಕಡೆ ತಿರುಗುವಳು. ಇಬ್ಬರ ಜೊತೆಗೂ ಒಂದೇ ದನಿ. ಕಬ್ಬು ಕಡಿಯಲು ಬಂದ ಗುಂಪಿನಲ್ಲಿ ಬಾಣಂತಿಯಿದ್ದಾಳೆಂದು ಗೊತ್ತಾದರೆ ಕೇಳದೆಯೇ ಗಂಜಿ ಹೊತ್ತು ಹೊರಟುಬಿಡುವಳು. ಯಾರ ಜಾತಿ, ಯಾರ ದೇವರು ಎಂದು ಕೇಳಿದವಳಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬೇಕು. ಇದ್ದಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಪ್ಪನ ತಂಗಿ ಎಸ್ತೇರತ್ತೆ ಒಂದು ಟ್ರಂಕಿನೊಂದಿಗೆ ತವರಿಗೆ ಬಂದಳು. ಲಾರಿ ಓಡಿಸುತ್ತಿದ್ದ ಮಾವ ತೀರಿಹೋಗಿದ್ದ. ಅವನಿಂದ ಅವಳಿಗೂ ಎಚ್‌ಐವಿ ತಗುಲಿತ್ತು. ಊರಿನಲ್ಲಿ ಆ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, 'ಆ ರೋಗ' ಎಂದು ದನಿ ತಗ್ಗಿಸುತ್ತಿದ್ದರು. ಜೊತೆಗೆ ಉಂಡರೆ, ಕುಡಿದರೆ ಅದು ಬರುವುದಿಲ್ಲವೆಂದು ಡಾಕ್ಟರು ಅಪ್ಪನಿಗೆ ಬಿಡಿಸಿ ಹೇಳಿದ್ದರು. ಆಯಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಶಾಲೆಯಲ್ಲಿ ಹುಡುಗಿಯರು ಹೆದರಿಸಿದ್ದರು. ಒಂದು ಮಧ್ಯಾಹ್ನ ಮೊಳೆ ತೆಗೆದುಕೊಂಡು ನನ್ನ ಸ್ಟೀಲ್ ಲೋಟದ ತಳದಲ್ಲಿ ಗೆರೆ ಕೊರೆದೆ, ಅತ್ತೆಯ ಲೋಟ ನನ್ನ ಪಾಲಿಗೆ ಬಾರದಿರಲಿ ಎಂದು. ಸಂಜೆ ಪಾತ್ರೆ ತೊಳೆಯುವಾಗ ಅದು ಆಯಿಯ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಅದೇ ಮೊಳೆ ತರಿಸಿ, ಅಂಗಳದಲ್ಲಿ ಕೂತು, ಮನೆಯ ಅಷ್ಟೂ ಲೋಟಗಳ ತಳಕ್ಕೆ ಅಂಥದ್ದೇ ಗೆರೆ ಕೊರೆದಳು. "ಈಗ ಹುಡುಕ ನಿಂದು ಯಾವುದಂತ," ಎಂದಳು. ಎಸ್ತೇರತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಚಿಕೆಯಿಂದ ಸತ್ತುಹೋದಂತಾಯಿತು ನನಗೆ.

ಅತ್ತೆ ಬಂದ ಮೇಲಿನ ಮೊದಲ ಕರ್ತನ ಭೋಜನಕ್ಕೆ ಇನ್ನು ಒಂದೇ ದಿನ. ಆಗೆಲ್ಲ ನಮ್ಮ ಚರ್ಚಿನಲ್ಲಿ ಒಂದೇ ಬೆಳ್ಳಿಯ ಪಾತ್ರೆ. ಅಯ್ಯನವರು, ಅಂದರೆ ಪಾದ್ರಿಗಳು, ಅದನ್ನು ಒಬ್ಬೊಬ್ಬರ ತುಟಿಗೂ ಹಿಡಿಯುತ್ತಿದ್ದರು. ಸಭೆಯ ಹಿರಿಯ ಸಿಮೋನಪ್ಪ ಶನಿವಾರ ಮನೆಗೆ ಬಂದ. ಆಯಿ ಒಲೆಯ ಮುಂದೆ ರಸ ಕಲಕುತ್ತಿದ್ದಳು.

"ಮಾರ್ಥಕ್ಕಾ, ತಪ್ಪ ತಿಳಕೋಬ್ಯಾಡ. ಮಂದಿ ಅಂಜಾಕತ್ತಾರ. ಎಸ್ತೇರ ಎಲ್ಲಾರದೂ ಮುಗದ ಮ್ಯಾಲ ಕಡೀಕ ಕುಡೀಲಿ. ಇಲ್ಲಾಂದ್ರ ಬ್ಯಾರೆ ಲೋಟಾ ಇಡ್ತೀವಿ."

"ಬ್ಯಾರೆ ಲೋಟಾ ಇಡಾಕ ಇದೇನ ನಿನ್ನ ಮನಿ ಊಟಾ ಏನೋ ಸಿಮೋನಾ? ಊಟಕ್ಕ ಕರದಾವ ಬ್ಯಾರೇದಾವ ಅದಾನ. ಹೋಗಿ ಅವನ್ನ ಕೇಳ."

ಗಂಡಸರದು ಮುಗಿದ ಮೇಲೆ ಹೆಂಗಸರ ಸಾಲು, ಅದರಲ್ಲಿ ಎಲ್ಲರಿಗಿಂತ ಹಿರಿಯಳಾದ ಆಯಿಯೇ ಮೊದಲು. ಅದು ಹಿಂದಿನಿಂದ ಬಂದ ರೂಢಿ. ಆ ಭಾನುವಾರ ಅವಳು ಅತ್ತೆಯ ಮೊಣಕೈ ಹಿಡಿದು ತನ್ನ ಮುಂದೆ ನಿಲ್ಲಿಸಿಕೊಂಡಳು. "ಬ್ಯಾಡಬೇ ಅವ್ವಾ, ನಾ ಕಡೀಕ ಬರ್ತೀನಿ," ಎಂದು ಅತ್ತೆ ಪಿಸುಗುಟ್ಟಿದಳು. "ಸುಮ್ಮ ನಡಿ," ಎಂದಳು ಆಯಿ. ಅತ್ತೆ ತುಟಿ ತಾಗಿಸಿದಳೋ ಇಲ್ಲವೋ. ಆಯಿ ಮಾತ್ರ ಎಂಥ ಗುಟುಕು ಕುಡಿದಳೆಂದರೆ ಅಯ್ಯನವರೇ ಪಾತ್ರೆ ಎಳೆದುಕೊಳ್ಳಬೇಕಾಯಿತು. ಮೂರನೆಯವಳು ನನ್ನ ಅವ್ವ. ಅವಳಿಗೂ ಒಳಗೊಳಗೆ ಭಯವಿತ್ತು, ನನಗೆ ಗೊತ್ತು. ಕಣ್ಣು ಬಿಗಿಯಾಗಿ ಮುಚ್ಚಿ ಕುಡಿದಳು. ನಾಲ್ಕನೆಯವಳು ಸಿಮೋನಪ್ಪನ ಹೆಂಡತಿ. ಅವಳು ನೆಲ ನೋಡಿದಳು, ಸೆರಗು ಸರಿಮಾಡಿಕೊಂಡಳು, ತಿರುಗಿ ನಡೆದಳು. ಅವಳ ಹಿಂದಿನ ಸಾಲೆಲ್ಲ ತಿರುಗಿತು. ಅಯ್ಯನವರು ರಸ ಉಳಿದ ಪಾತ್ರೆ ಹಿಡಿದು ನಿಂತೇ ಇದ್ದರು. ಅಷ್ಟೂ ಮಂದಿಯ ನಡುವೆ ಆಯಿ ಗಟ್ಟಿಯಾಗಿ, "ಎಷ್ಟ ಹೆಣಮಕ್ಕಳಿಗಂತ ಕುದಿಸಿದ್ದೆ, ಮೂರ ಮಂದಿಗಾತು," ಎನ್ನುತ್ತ ಬಂದು ನನ್ನ ಪಕ್ಕ ಕೂತಳು.

ಮುಂದಿನ ತಿಂಗಳೂ ಅಷ್ಟೇ ಕುದಿಸಿದಳು, ಅದರ ಮುಂದಿನ ತಿಂಗಳೂ. ಪ್ರತಿ ಸಲ ಅತ್ತೆಯೇ ಮುಂದೆ. ಹಬ್ಬದ ಹೊತ್ತಿಗೆ ಇಬ್ಬರು ಮುದುಕಿಯರು ಹಿಂದೆ ಬಂದು ನಿಂತರು, ಅಷ್ಟೇ. ಮರುವರ್ಷ ಸಭೆಯವರು ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಲೋಟಗಳ ತಟ್ಟೆ ತರಿಸಿದರು, ಜೊತೆಗೆ ಬಾಟಲಿಯ ರಸ. ಸ್ವಚ್ಛತೆಗಾಗಿ ಎಂದರು. ಅತ್ತೆಯ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತುವ ಧೈರ್ಯವೂ ಇರಲಿಲ್ಲ. ಆಯಿಯ ನಲವತ್ತು ವರ್ಷದ ಕೆಲಸ ಹೀಗೆ ಒಂದು ಮಾತೂ ಇಲ್ಲದೆ ಮುಗಿಯಿತು. ನನಗೆ ಈಗಲೂ ಸಿಟ್ಟು ಬರುತ್ತದೆ, ಕ್ಷಮಿಸಬೇಕೆಂದು ಗೊತ್ತಿದ್ದೂ ಬರುತ್ತದೆ. ತಟ್ಟೆ ಬಂದಾಗ ಆಯಿ ಒಂದೇ ಲೋಟ ಎತ್ತಿ ಅತ್ತೆಗೆ ಕೊಟ್ಟು, ಅವಳು ಉಳಿಸಿದ್ದನ್ನು ತಾನು ಕುಡಿದಳು. ಆಮೇಲೆ ಬದುಕಿರುವವರೆಗೂ ಹಾಗೆಯೇ ಮಾಡಿದಳು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಆಯಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಅಯ್ಯನವರು ಪುಟ್ಟ ಪೆಟ್ಟಿಗೆಯೊಂದಿಗೆ ಬಂದು ಮೂರು ಲೋಟ ತುಂಬಿಸಿದರು: ಆಯಿಗೆ, ಅತ್ತೆಗೆ, ಅವ್ವನಿಗೆ. ಆಯಿ ಎರಡನ್ನು ಕೈಯಿಂದ ದೂರ ಸರಿಸಿದಳು. ಉಳಿದದ್ದನ್ನು ಅತ್ತೆ ತುಟಿಗೆ ತಾಗಿಸಿದಳು, ಆಯಿ ನುಂಗಲಾರದೆ ನುಂಗಿದಳು, ಅವ್ವ ಕಣ್ಣು ತೆರೆದೇ ಕುಡಿದಳು. ಆಯಿ ನನ್ನ ಕಡೆ ಬೆರಳು ತೋರಿಸಿದಳು. "ಈಕೀದ ಇನ್ನೂ ಸ್ಥಿರೀಕರಣ ಆಗಿಲ್ಲಲ್ರಿ," ಎಂದರು ಅಯ್ಯನವರು. ಆ ವಿಧಿ ಆಗದವರು ನಮ್ಮಲ್ಲಿ ಆ ರಸ ಕುಡಿಯುವಂತಿಲ್ಲ. ಅತ್ತೆ ನನ್ನ ಮುಖ ನೋಡಿದಳು. ನಾನು ಕುಡಿಯುವುದಿಲ್ಲ ಎಂದುಕೊಂಡಿದ್ದಳು, ಹಾಗೆಂದುಕೊಳ್ಳಲು ಕಾರಣ ನಾನೇ ಕೊಟ್ಟಿದ್ದೆ. ಅವ್ವನ ಕೈಯಿಂದ ಲೋಟ ಕಸಿದುಕೊಂಡೆ. ನಾಲಿಗೆ ತೇವವಾಗುವಷ್ಟೂ ಉಳಿದಿರಲಿಲ್ಲ. ತಲೆ ಮೇಲೆತ್ತಿ, ಕೊನೆಯ ಹನಿ ಬೀಳುವವರೆಗೂ ಹಿಡಿದುಕೊಂಡು ನಿಂತೆ. ಮೂರು ದಿನದ ನಂತರ ಆಯಿ ಹೋದಳು.

ಎಸ್ತೇರತ್ತೆ ದಿನಾ ಗುಳಿಗೆ ನುಂಗಿ, ಹೊಲಿಗೆ ಹಾಕಿ, ಇಂದಿಗೂ ಗಟ್ಟಿಯಾಗಿದ್ದಾಳೆ. ಅವಳಿಗೆ ಅಂಜಿ ತಿರುಗಿ ನಡೆದವರಲ್ಲಿ ಎಷ್ಟೋ ಜನ ಸಕ್ಕರೆ ಕಾಯಿಲೆ, ಬಿ.ಪಿ. ಎಂದು ಯಾವತ್ತೋ ಹೋದರು. ಚರ್ಚಿನಲ್ಲಿ ಅತ್ತೆಯ ಪಕ್ಕ ನಾನು ಕೂರುತ್ತೇನೆ. ತಟ್ಟೆ ಬರುತ್ತದೆ, ನಾವು ಒಂದೇ ಎತ್ತಿಕೊಳ್ಳುತ್ತೇವೆ, ಅವಳ ನಂತರ ನಾನು. ತಲೆ ಎಣಿಸಿ ತುಂಬಿಸಿದ ತಟ್ಟೆಯಲ್ಲಿ ಒಂದು ಲೋಟ ಹಾಗೇ ಉಳಿದು ಮೇಜಿಗೆ ಹೋಗುತ್ತದೆ. ಅದು ಯಾಕೆ ಉಳಿಯುತ್ತದೆಂದು ಬಲ್ಲವರು ಸಭೆಯಲ್ಲಿ ಈಗ ನಾಲ್ಕೈದು ಮಂದಿ ಇರಬಹುದು. ಉಳಿಯಲಿ. ಪ್ರತಿ ತಿಂಗಳೂ ಉಳಿಯಲಿ, ಅವರು ನೋಡಲಿ.